ಮರ್ಜಾನ್‌ಗೆ ಕಣ್ಣು ಬಿದ್ದ ಚಳಿಗಾಲ

ಕಳೆದ ತಿಂಗಳು ಹೆಜಮಾಡಿ ಕಡಲಬದಿಯ ಒಂದು ಮನೆಗೆ ಸುಟ್ಟ ಮೋಟರು ನೋಡಲು ಹೋಗಿದ್ದೆ. ನನ್ನ ಕಸುಬೇ ಅದು. ಸುಟ್ಟ ಮೋಟರಿನ ಹಳೇ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೊಡುವುದು, ವೈಂಡಿಂಗ್ ಅನ್ನುತ್ತಾರೆ. ಅಂಗಳದಲ್ಲಿ ಹಳೇ ಬಲೆ ಹಾಸಿ ಬೂತಾಯಿ ಮೀನು ಒಣಗಲು ಹಾಕಿದ್ದರು. ಮೋಟರಿನ ಮುಚ್ಚಳ ಬಿಚ್ಚಿದ್ದೇ ತಡ, ಸುಟ್ಟ ವಾರ್ನಿಶಿನ ವಾಸನೆ ಎದ್ದು ಒಣಮೀನಿನ ವಾಸನೆಯ ಜೊತೆ ಸೇರಿತು. ಈ ಎರಡು ವಾಸನೆ ಒಟ್ಟಿಗೆ ನನ್ನ ಮೂಗಿಗೆ ಬಡಿದು ಮೂವತ್ತು ವರ್ಷದ ಮೇಲಾಗಿತ್ತು. ಸ್ಪ್ಯಾನರ್ ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟೆ.

ಆ ಮನೆಯ ಯಜಮಾನಿ ಸರಸಕ್ಕ ಸುಮ್ಮನೆ ಕೂರುವವರನ್ನು ಸಹಿಸುವ ಹೆಂಗಸಲ್ಲ.

"ಎಂತ ಸಂಜೀವಣ್ಣ, ಎಂತಾಯ್ತು ಅದಕ್ಕೆ? ಯಾರ್ದಾದ್ರೂ ಕಣ್ಣು ಬಿತ್ತಾ, ಅಲ್ಲ ಈ ಮಹಾತಾಯಿ ಎಂತಾದ್ರೂ ಮಾಡಿ ಹಾಕಿದ್ಳಾ?"

ಮಹಾತಾಯಿ ಅಂದರೆ ಮದುವೆಯಾಗಿ ಎರಡು ತಿಂಗಳಾದ ಸೊಸೆ. ಬಾಗಿಲ ಬಳಿ ನಿಂತಿದ್ದಳು. ಅವಳಿಗೂ ನನಗೂ ಒಂದು ವಿಷಯ ಗೊತ್ತಿತ್ತು, ಸರಸಕ್ಕನಿಗೆ ಗೊತ್ತಿರಲಿಲ್ಲ. ಮೋಟರಿಗಿಂತ ಮೊದಲು ನಾನು ಸ್ವಿಚ್ ಪೆಟ್ಟಿಗೆ ನೋಡಿದ್ದೆ. ಸ್ಟಾರ್ಟರಿನ ಹಸಿರು ಗುಂಡಿಯ ಸಂದಿನಲ್ಲಿ ಹಿಡಿಸೂಡಿಯ, ಅಂದರೆ ಪೊರಕೆಯ, ಕಡ್ಡಿ ಮುರಿದು ಸಿಕ್ಕಿಸಲಾಗಿತ್ತು. ಬಾವಿಯಲ್ಲಿ ನೀರು ಇಳಿದು ಮೋಟರು ಮತ್ತೆ ಮತ್ತೆ ನಿಲ್ಲುತ್ತಿದ್ದಾಗ, ನಿಲ್ಲದೆ ಓಡಲಿ ಎಂದು ಕೆಲವರು ಮಾಡುವ ಉಪಾಯ ಅದು. ನಿಲ್ಲಲಾಗದ ಮೋಟರು ಓಡಿ ಓಡಿ ಸುಟ್ಟುಹೋಗಿತ್ತು. ಆ ಹುಡುಗಿ ನನ್ನ ಮುಖ ನೋಡುತ್ತಿರಲಿಲ್ಲ, ಆ ಕಡ್ಡಿ ಕಿತ್ತು ಹಿಡಿದಿದ್ದ ನನ್ನ ಎಡಗೈಯನ್ನೇ ನೋಡುತ್ತಿದ್ದಳು.

"ಸ್ವಲ್ಪ ತಾಳಿ ಸರಸಕ್ಕ, ನೋಡಿ ಹೇಳ್ತೇನೆ" ಅಂದೆ. ನೋಡಲಿಕ್ಕೆ ಇನ್ನೇನೂ ಉಳಿದಿರಲಿಲ್ಲ. ನನಗೆ ಅಲ್ ಹೈಲಿನ ಹಮೂದ್ ನೆನಪಾಗಿದ್ದರು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೂಲ್ಕಿಯಲ್ಲಿದ್ದ ನನ್ನ ಪುಟ್ಟ ಅಂಗಡಿಗೆ ಬೀಗ ಹಾಕಿ ನಾನು ಒಮಾನಿಗೆ ಹೋಗಿ ಒಂದೂವರೆ ವರ್ಷವಾಗಿತ್ತು. ನಾನಿದ್ದ ಅಲ್ ಹೈಲ್ ಈಗ ಸಾಲು ಸಾಲು ಮನೆಗಳ ಬಡಾವಣೆಯಂತೆ. ಆಗ ರಸ್ತೆಯ ಒಂದು ಬದಿಗೆ ಮನೆಗಳು ಏಳುತ್ತಿದ್ದವು, ಇನ್ನೊಂದು ಬದಿಗೆ ಕಡಲಿನವರೆಗೂ ಖರ್ಜೂರದ ತೋಟಗಳಿದ್ದವು. ಪ್ರತಿ ತೋಟಕ್ಕೊಂದು ಬಾವಿ, ಪ್ರತಿ ಬಾವಿಗೊಂದು ಪಂಪು. ಡೀಸೆಲ್ ಎಂಜಿನುಗಳು ಹೋಗಿ ಕರೆಂಟಿನ ಮೋಟರುಗಳು ಬರುತ್ತಿದ್ದ ಹೊತ್ತು, ಹಾಗಾಗಿ ಕೆಲಸಕ್ಕೆ ಬರವಿರಲಿಲ್ಲ. ನಮ್ಮ ಅಂಗಡಿ ನಡೆಯುತ್ತಿದ್ದದ್ದು ಮಸ್ಕತ್ತಿನಲ್ಲಿದ್ದ ಒಬ್ಬ ಕಫೀಲನ, ಅಂದರೆ ನಮ್ಮ ವೀಸಾಕ್ಕೆ ಹೊಣೆ ನಿಂತ ಒಮಾನಿಯ, ಹೆಸರಿನಲ್ಲಿ. ಒಳ್ಳೆಯ ಮನುಷ್ಯನೇ. ಆದರೆ ಗಿರಾಕಿಯಿಂದ ಒಂದು ದೂರು ಹೋದರೆ ಸಾಕು, ಎರಡನೇ ಮಾತಿಲ್ಲದೆ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸುತ್ತಿದ್ದ. ನನಗಿಂತ ಮೊದಲು ಅಲ್ಲಿದ್ದವನು ಹಾಗೆಯೇ ಹೋದದ್ದು. ಆ ಚಳಿಗಾಲದಲ್ಲಿ ನನ್ನ ವೀಸಾ ಹೊಸದಾಗಿ ಮಾಡಿಸುವ ಕಾಗದ ಅವನ ಮೇಜಿನ ಮೇಲಿತ್ತು.

ಪಕ್ಕದ ದಿನಸಿ ಅಂಗಡಿ ಉಳ್ಳಾಲದ ಬ್ಯಾರಿ ಮುಸ್ಲಿಮನಾದ ಮೋನಾಕನದು. ಒಮಾನಿಗೆ ಬಂದು ಹದಿನೆಂಟು ವರ್ಷವಾದವನು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಲ್ಲಿನ ರೀತಿ ರಿವಾಜು ಎಲ್ಲ ನನಗೆ ಕಲಿಸಿದವನು ಅವನೇ. ಕಾಫಿಯ ಪುಟ್ಟ ಬಟ್ಟಲು ಬಲಗೈಯಲ್ಲೇ ತೆಗೆದುಕೊಳ್ಳಬೇಕು. ಸಾಕಾದರೆ ಬಟ್ಟಲನ್ನು ಎರಡು ಸಲ ಅಲುಗಿಸಿ ಕೊಡಬೇಕು, ಇಲ್ಲದಿದ್ದರೆ ಅವರು ಸುರಿಯುತ್ತಲೇ ಇರುತ್ತಾರೆ. ಕೂತಾಗ ಅಂಗಾಲು ಯಾರ ಕಡೆಗೂ ತೋರಬಾರದು. ಧೂಪದ ಕುಡಿಕೆ ಒಂದು ಸುತ್ತು ಬಂತೆಂದರೆ ಏಳುವ ಹೊತ್ತಾಯಿತು ಎಂದು ಅರ್ಥ. ಎಲ್ಲಕ್ಕಿಂತ ದೊಡ್ಡದು ಸುದ್ದಿ ಕೇಳುವ ಕ್ರಮ. ಬಂದವನಿಗೆ ಕಾಫಿ ಕೊಟ್ಟು "ಏನು ಸುದ್ದಿ" ಎಂದು ಕೇಳುತ್ತಾರೆ. ಮನೆಗೆ ಬೆಂಕಿ ಬಿದ್ದಿದ್ದರೂ "ಎಲ್ಲ ಒಳ್ಳೆಯದು, ಬೇರೆ ಸುದ್ದಿಯೇನಿಲ್ಲ" ಎಂದೇ ಹೇಳಬೇಕು. ಆಮೇಲೆ ಬೆಂಕಿಯ ಮಾತು.

"ಮತ್ತೊಂದು ನೆನಪಿಟ್ಕೋ," ಮೋನಾಕ ಹೇಳಿದ್ದ. "ಎಂತದನ್ನಾದ್ರೂ ಹೊಗಳುದಾದ್ರೆ ಮೊದ್ಲು ಮಾಶಾಅಲ್ಲಾ ಹೇಳು. ಇಲ್ಲದಿದ್ರೆ ಕಣ್ಣು ತಾಗ್ತದೆ ಅಂತ ಅವ್ರ ನಂಬಿಕೆ. ದೇವರು ಕೊಟ್ಟದ್ದು ಅಂತ ಅರ್ಥ, ಅಷ್ಟೇ. ನಿನ್ನ ಜಾತಿ ಎಂತ ಹೋಗುದಿಲ್ಲ."

ಉಳಿದದ್ದೆಲ್ಲ ಮೂರು ತಿಂಗಳಲ್ಲಿ ಕಲಿತೆ. ಈ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅದು ಅವರ ಮಾತು, ನಾನು ಹೇಳಿದರೆ ನಾಟಕವಾದೀತು ಎಂದು ನನ್ನ ಲೆಕ್ಕ. ತಮಾಷೆಯೆಂದರೆ ಊರಿನಲ್ಲಿ ನಮ್ಮ ಅಮ್ಮ ಇದೇ ಶಾಸ್ತ್ರದಲ್ಲಿ ನನ್ನನ್ನು ಬೆಳೆಸಿದವಳು. ಯಾರಾದರೂ "ನಿಮ್ಮ ದನ ಚೆನ್ನಾಗಿ ಕರೀತದೆ" ಅಂದರೆ "ಎಲ್ಲಿ, ಮಕ್ಕಳಿಗೇ ಸಾಕಾಗುದಿಲ್ಲ" ಅನ್ನುವಳು; ಅವರು ಗೇಟು ದಾಟಿದ ಕೂಡಲೇ ಉಪ್ಪು ಮೆಣಸು ಹಿಡಿದು ಕೊಟ್ಟಿಗೆಗೆ ಓಡುವಳು. ಪಾಸ್‌ಪೋರ್ಟಿನ ಜೊತೆ ವಿಮಾನ ಹತ್ತಿದವನಿಗೆ ಅದೆಲ್ಲ ಸಮುದ್ರದ ಆಚೆಗೇ ಉಳಿಯಿತು ಅನ್ನಿಸಿತ್ತೋ ಏನೋ.

ಹಮೂದ್ ನಮ್ಮ ಅಂಗಡಿಗೆ ಎರಡು ಫರ್ಲಾಂಗು ದೂರದ ತೋಟದವರು. ಐವತ್ತೈದರ ಹತ್ತಿರದ ಪ್ರಾಯ, ಬಿಳಿ ಗಡ್ಡ, ಬೊಂಬಾಯಿಯ ಹಡಗುಗಳಲ್ಲಿ ದುಡಿದು ಕಲಿತ ಉರ್ದು. ಅರಬ್ಬಿ ಬೆರೆಸಿದ ಆ ಉರ್ದುವಿನಲ್ಲೇ ನನ್ನೊಡನೆ ಮಾತು. ಅವರ ತಾಯಿ ಇನ್ನೂ ಗಟ್ಟಿಯಾಗಿದ್ದರು. ಎಲ್ಲರೂ ಅವರನ್ನು ಉಮ್ ಹಮೂದ್, ಅಂದರೆ ಹಮೂದನ ಅಮ್ಮ, ಎಂದೇ ಕರೆಯುತ್ತಿದ್ದರು. ಮೂಗಿನ ಮೇಲೆ ಕಪ್ಪು ಬಟ್ಟೆಯ ಮುಖವಾಡ ಕಟ್ಟಿಕೊಂಡು ತೋಟವೆಲ್ಲ ಸುತ್ತುತ್ತಿದ್ದ ಮುದುಕಿ.

ಆ ಮನೆಯ ಮೂರನೇ ವ್ಯಕ್ತಿ ಮರ್ಜಾನ್. ಹವಳ ಎಂದು ಅರ್ಥ. ಕೆಂಪು ಬಣ್ಣದ ಹೋರಿ. ಆ ಕಡಲಬದಿಯ ಊರುಗಳಲ್ಲಿ ಚಳಿಗಾಲದ ಶುಕ್ರವಾರಗಳಂದು ಹೋರಿಗಳನ್ನು ತಲೆಗೆ ತಲೆ ಕೊಡಿಸುತ್ತಾರೆ. ರಕ್ತ ಗಿಕ್ತ ಇಲ್ಲ. ಎರಡು ಹೋರಿ ಹಣೆಗೆ ಹಣೆ ಒತ್ತಿ ತಳ್ಳುತ್ತವೆ, ಯಾವುದು ಮೊದಲು ತಿರುಗಿ ನಡೆಯುತ್ತದೋ ಅದು ಸೋತ ಹಾಗೆ. ಮರ್ಜಾನ್ ಎರಡು ಚಳಿಗಾಲದಿಂದ ಬೆನ್ನು ತಿರುಗಿಸಿರಲಿಲ್ಲ. ಅದಕ್ಕೆ ಹಾಕುವ ಮೇವು ನೋಡಿ ನಾನು ಮೊದಲ ದಿನ ಬೆರಗಾಗಿದ್ದೆ. ಕುದುರೆಮಸಾಲೆ ಸೊಪ್ಪು, ಬೇಯಿಸಿದ ಖರ್ಜೂರ, ಅದರ ಮೇಲೆ ಒಣಗಿಸಿದ ಬೂತಾಯಿ. ನಮ್ಮ ಕಡೆ ತೆಂಗಿನ ಬುಡಕ್ಕೆ ಹಾಕುವ ಮೀನನ್ನು ಅಲ್ಲಿ ಹೋರಿ ಕಣ್ಣು ಮುಚ್ಚಿ ಜಗಿಯುತ್ತಿತ್ತು.

ಅದೊಂದು ಗುರುವಾರ. ಹಮೂದರ ಪಂಪು ಸುಟ್ಟಿತ್ತು, ಅದನ್ನು ಸುತ್ತಿ ತಂದು ಕೂರಿಸಲು ಹೋಗಿದ್ದೆ. ಬಾವಿಯ ಪಕ್ಕದಲ್ಲೇ ಗರಿಯ ಮಾಡಿನ ಕೆಳಗೆ ಮರ್ಜಾನ್, ಅದರ ಎದುರಿಗೆ ಸಿಮೆಂಟಿನ ಮೇವಿನ ತೊಟ್ಟಿ. ಕೇಬಲ್ಲನ್ನು ಪೈಪಿಗೆ ಜೋಡಿಸಿ ಬೈಂಡಿಂಗ್ ತಂತಿಯಿಂದ ಕಟ್ಟುತ್ತಾ ಇಳಿಸಿದೆ. ಮಧ್ಯಾಹ್ನದ ಹೊತ್ತಿಗೆ ನೀರು ಬಂತು. ಅಷ್ಟರಲ್ಲಿ ಮರುದಿನದ ಪಂದ್ಯಕ್ಕೆ ಮೊದಲು ಹೋರಿಯನ್ನು ನೋಡಿ ಹೋಗಲು ಎಂಟು ಹತ್ತು ಮಂದಿ ಬಂದು ಸೇರಿದ್ದರು. ಅವರೆಲ್ಲ ಹೋರಿಯನ್ನು ನೋಡುತ್ತಿದ್ದರೇ ಹೊರತು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಮಳೆ ಬರುವ ಸಂಭವ, ಮೀನಿನ ಅಭಾವ, ಇಂಥ ಮಾತು. ನನಗೆ ಕೆಲಸ ಗೆದ್ದ ಉತ್ಸಾಹ. ನೇರ ಹೋಗಿ ಮರ್ಜಾನಿನ ಹೆಗಲ ಮೇಲೆ ಒಂದು ಏಟು ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಇಂಥ ಹೋರಿ ನಮ್ಮ ದೇಶದಲ್ಲೂ ಇಲ್ಲ. ನಾಳೆ ಇದರ ಎದುರು ಯಾರೂ ನಿಲ್ಲೋದಿಲ್ಲ, ನೋಡ್ತಾ ಇರಿ."

ಒಬ್ಬ ಮುದುಕ ಕೆಮ್ಮಿದ. ಹಮೂದ್ ನೆಲ ನೋಡುತ್ತಾ "ಮಾಶಾಅಲ್ಲಾ" ಅಂದರು. ಸ್ವಲ್ಪ ತಡೆದು ಇನ್ನೊಮ್ಮೆ ಅಂದರು. ಎರಡನೆಯದು ನನ್ನ ಪರವಾಗಿ ಎಂದು ಆಗ ಹೊಳೆಯಲಿಲ್ಲ. ಕಾಫಿ ಕುಡಿದು, ಬಟ್ಟಲು ಸರಿಯಾಗಿ ಅಲುಗಿಸಿ, ನನ್ನ ಶಿಷ್ಟಾಚಾರಕ್ಕೆ ನಾನೇ ಮೆಚ್ಚಿಕೊಂಡು ಬಂದೆ.

ಶುಕ್ರವಾರ ಮರ್ಜಾನ್ ಪಂದ್ಯದ ಬಯಲಿಗೆ ಹೋಯಿತು, ಆದರೆ ತಲೆ ಕೊಡಲಿಲ್ಲ. ಬೆನ್ನು ಗೂನು ಮಾಡಿ ನಿಂತು, ಎದುರಿನ ಹೋರಿ ಹತ್ತಿರ ಬರುವ ಮೊದಲೇ ತಿರುಗಿತು. ನಾನು ಅಲ್ಲೇ ಇದ್ದೆ. ಜನ ಚದುರಿದರು. ಮನೆಗೆ ಬಂದ ಮೇಲೆ ಹೋರಿ ಮೇವನ್ನೂ ಮುಟ್ಟಲಿಲ್ಲವೆಂದು ಮರುದಿನ ಮೋನಾಕನ ಅಂಗಡಿಯಲ್ಲಿ ಸುದ್ದಿ. ಸುದ್ದಿಯ ಜೊತೆಗೆ ಇನ್ನೊಂದು ಬಾಲವೂ ಇತ್ತು, ಅದನ್ನು ಮೋನಾಕ ಅಕ್ಕಿ ಅಳೆಯುತ್ತಾ ತಗ್ಗಿದ ದನಿಯಲ್ಲಿ ಹೇಳಿದ.

"ನೀನು ಹೊಗಳಿದ್ದಂತೆ. ಮಾಶಾಅಲ್ಲಾ ಹೇಳ್ಲಿಲ್ವಂತೆ."

"ಹೇಳ್ಲಿಲ್ಲ. ಅದಕ್ಕೆಂತ ಈಗ?"

"ಎಂತ ಇಲ್ಲ ಮಾರಾಯ. ಕೇಳಿದೆ ಅಷ್ಟೆ."

ಅವನು ಕೇಳಿದ ರೀತಿಯಲ್ಲೇ ನನಗೆ ಅಪಾಯ ಹೊಳೆಯಿತು. ನನ್ನ ಕೆಲಸವೆಲ್ಲ ಬೇರೆಯವರ ತೋಟದೊಳಗೆ, ಅವರ ಹೆಂಗಸರು ಮಕ್ಕಳು ದನಕರು ಇರುವಲ್ಲಿ. ಇವನ ಕಣ್ಣು ಕೆಟ್ಟದ್ದು ಎಂಬ ಹೆಸರು ಒಮ್ಮೆ ಬಿತ್ತೆಂದರೆ ಯಾರು ಗೇಟು ತೆಗೆದಾರು.

ಭಾನುವಾರ ಬೆಳಿಗ್ಗೆ ಹಮೂದ್ ತಾವೇ ಅಂಗಡಿಗೆ ಬಂದರು. ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಹಿತ್ತಾಳೆಯ ಬೋಗುಣಿ. ಕಾಫಿ ಕೊಟ್ಟರು, ಖರ್ಜೂರ ಕೊಟ್ಟರು. ಏನು ಸುದ್ದಿ ಎಂದು ನಾನು ಕೇಳಿದೆ. ಎಲ್ಲ ಒಳ್ಳೆಯದು, ಸುದ್ದಿಯೇನಿಲ್ಲ ಎಂದರು. ಎರಡನೇ ಬಟ್ಟಲು ಮುಗಿದ ಮೇಲೆ ಮೆಲ್ಲನೆ ಹೇಳಿದರು:

"ಸಂಜೂ ಭಾಯಿ, ಮರ್ಜಾನ್‌ಗೆ ಹುಷಾರಿಲ್ಲ. ಕಣ್ಣು ತಾಗಿದೆ. ಇಂಥ ಹೊತ್ತಿಗೆ ಅದನ್ನು ಮೆಚ್ಚಿದವರೆಲ್ಲ ಕೈಕಾಲು ಮುಖ ತೊಳೆದು ಆ ನೀರು ಕೊಡುವುದು ನಮ್ಮಲ್ಲಿ ಪದ್ಧತಿ. ಅದನ್ನು ಹೋರಿಯ ಮೈಮೇಲೆ ಹೊಯ್ಯುತ್ತೇವೆ. ನಾನು ತೊಳೆದೆ. ನನ್ನ ತಾಯಿ ತೊಳೆದರು. ನಿನಗೂ ಅದು ಇಷ್ಟ ಅಲ್ಲವಾ, ಅದಕ್ಕೆ ಬಂದೆ."

ಬೋಗುಣಿಯಲ್ಲಿ ನಾಲ್ಕು ಬೆರಳು ನೀರು ಆಗಲೇ ಇತ್ತು. ಅವರ ಮಾತನ್ನು ನಾನು ನಂಬಲಿಲ್ಲ. ಕಹಿ ಮಾತ್ರೆಗೆ ಬೆಲ್ಲ ಸವರಿದ ಹಾಗೆ ನನಗೆ ಕೇಳಿಸಿತು. ಎದುರಿನ ಟಯರ್ ಅಂಗಡಿಯ ಇಬ್ಬರು ಪಠಾಣರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮೋನಾಕ ತನ್ನ ಬಾಗಿಲಿಗೆ ಬಂದು ನಿಂತ. ನಾನು ತುಳುವಿನಲ್ಲಿ ಅವನನ್ನು ಕೇಳಿದೆ, "ಎಂತ ಮಾಡುದು?"

"ತೊಳೆ," ಅಂದ. "ಕೇಳ್ಕೊಂಡು ಬಂದವನಿಗೆ ಇಲ್ಲ ಅಂತ ಹೇಳ್ಲಿಕ್ಕಿಲ್ಲ."

ತೊಳೆದೆ. ಹಮೂದ್ ಬಗ್ಗಿ, ನನ್ನ ಗ್ರೀಸು ಹಿಡಿದ ಕೈಯಿಂದ ಇಳಿದ ಕಪ್ಪು ನೀರನ್ನು ಒಂದು ಹನಿ ಚೆಲ್ಲದೆ ಹಿಡಿದರು. ಪಾದ ತೊಳೆಯುವಾಗ ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಒಂದೂವರೆ ವರ್ಷ ನಿಯತ್ತಿನಿಂದ ದುಡಿದವನನ್ನು ಬೀದಿಯಲ್ಲಿ ಕೂರಿಸಿ ಕಾಲು ತೊಳೆಸಿದರಲ್ಲ ಎಂದು. ಅವರು "ದೇವರು ಒಳ್ಳೆಯದು ಮಾಡಲಿ" ಎಂದು ಹರಸಿ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಡೆದುಹೋದರು.

ಆಮೇಲೆ ಕೂತು ಯೋಚಿಸಿದಾಗ ನನ್ನ ಪರಿಸ್ಥಿತಿ ಪೂರ್ತಿ ಅರ್ಥವಾಯಿತು. ಹೋರಿ ಎದ್ದರೆ ನನ್ನ ನೀರು ಕೆಲಸ ಮಾಡಿದ ಹಾಗೆ, ಅಂದರೆ ನನ್ನ ಕಣ್ಣೇ ತಾಗಿದ್ದು ಎಂದು ಸಾಬೀತಾದ ಹಾಗೆ. ಹೋರಿ ಸತ್ತರೆ ಕೊಂದವನು ನಾನು. ದೇವರ ಮುಂದೆ ನಿಂತರೆ ಏನು ಬೇಡಿಕೊಳ್ಳಬೇಕೆಂದು ಗೊತ್ತಾಗದ ಸ್ಥಿತಿ ನನ್ನ ಜೀವನದಲ್ಲಿ ಅದೊಂದೇ ಸಲ ಬಂದದ್ದು.

ಸೋಮವಾರದಿಂದ ಒಂದೇ ಒಂದು ತೋಟದಿಂದಲೂ ಕರೆ ಬರಲಿಲ್ಲ. ಮಂಗಳವಾರವೂ ಇಲ್ಲ. ಮುಗಿಯಿತು, ಗೇಟುಗಳು ಮುಚ್ಚಿದವು ಎಂದು ನಾನು ಮಂಕಾಗಿ ಕೂತೆ. ಬುಧವಾರ ಮೋನಾಕ ನನ್ನ ಮುಖ ನೋಡಿ ನಕ್ಕ. "ಮೂರು ದಿನದಿಂದ ಮಳೆ ಬರ್ತಾ ಉಂಟು. ಅಲ್ ಖೌದಿನ ಹೊಳೆ ರಸ್ತೆಗೆ ಬಂದಿದೆಯಂತೆ. ಈ ಮಳೆಯಲ್ಲಿ ಪಂಪು ಯಾರು ಹಾಕ್ತಾರೆ ಮಾರಾಯ?" ಅಂದ. ಹೌದು, ಮಳೆ ಬರುತ್ತಿತ್ತು. ವರ್ಷಕ್ಕೆ ನಾಲ್ಕು ದಿನ ಬರುವ ಮಳೆ. ನಮ್ಮ ಕಡೆಯವನಾದ ನನಗೆ ಅದು ಮಳೆಯೆಂದು ಲೆಕ್ಕಕ್ಕೇ ಬಂದಿರಲಿಲ್ಲ.

ಕೆಲಸವಿಲ್ಲದ ಆ ಬುಧವಾರವೇ ನಾನು ಸಾಮಾನಿನ ಚೀಲ ಬಿಚ್ಚಿ ಒಪ್ಪ ಮಾಡಲು ಕೂತದ್ದು. ಬೈಂಡಿಂಗ್ ತಂತಿಯ ಸುರುಳಿ ಕೈಗೆ ಬಂತು. ಅದರ ತುದಿ ಹಿಡಿದಾಗ ಗುರುವಾರದ ಮಧ್ಯಾಹ್ನ ಕಣ್ಣ ಮುಂದೆ ಬಂತು. ಪೈಪಿಗೆ ಕಟ್ಟಿದ ಮೇಲೆ ಉಳಿದ ತುದಿಗಳನ್ನು ಕತ್ತರಿಸುತ್ತಿದ್ದೆ. ಬೆರಳುದ್ದದ ಚೂಪು ತುಂಡುಗಳು. ಕೆಳಗೆ ಬಿಸಾಡಿದರೆ ಬರಿಗಾಲಲ್ಲಿ ಓಡಾಡುವ ಮುದುಕಿಗೆ ಚುಚ್ಚೀತೆಂದು ಒಂದೊಂದನ್ನೂ ಎತ್ತಿ ಪಕ್ಕದಲ್ಲಿ ಇಟ್ಟಿದ್ದೆ. ಪಕ್ಕ ಅಂದರೆ ಮರ್ಜಾನಿನ ಮೇವಿನ ತೊಟ್ಟಿಯ ಅಂಚು. ನೀರು ಬಂದ ಸಂಭ್ರಮದಲ್ಲಿ ಅವನ್ನು ತೆಗೆಯಲಿಲ್ಲ. ಹೋರಿಯ ಹೆಗಲು ತಟ್ಟಿ ಭಾಷಣ ಮಾಡಲು ಹೋಗಿದ್ದೆ.

ನನ್ನ ಸೋದರಮಾವನ ದನವೊಂದು ಹುಲ್ಲಿನ ಜೊತೆ ಮೊಳೆ ನುಂಗಿ ಸತ್ತಿತ್ತು. ಅದೂ ಹೀಗೆಯೇ ಬೆನ್ನು ಗೂನು ಮಾಡಿ ನಿಂತಿತ್ತು, ಮೇವು ಬಿಟ್ಟಿತ್ತು. ದನಗಳು ನಾಲಿಗೆಯಿಂದ ಬಾಚಿ ನುಂಗುತ್ತವೆ, ಆರಿಸಿ ತಿನ್ನುವುದಿಲ್ಲ.

ಮೋನಾಕನ ಹತ್ತಿರ ಹೇಳಿದೆ. ಅವನು ಬಾಗಿಲಿಗೆ ಹೋಗಿ ರಸ್ತೆಯ ಎರಡೂ ಬದಿ ನೋಡಿ ಬಂದ.

"ಹೇಳ್ಬೇಡ," ಅಂದ. "ಅವ್ರು ಕಣ್ಣು ಅಂತ ನಂಬಿದ್ದಾರೆ. ಕಣ್ಣಿಗೆ ಯಾರೂ ದೂರು ಕೊಡುದಿಲ್ಲ. ತಂತಿ ಅಂತ ಗೊತ್ತಾಗಿ ಕಫೀಲ್‌ಗೆ ಸುದ್ದಿ ಹೋದ್ರೆ ನೀನು ಖಲಾಸ್. ಬಂದ ದಾರಿಯಲ್ಲೇ ಮೂಲ್ಕಿಗೆ."

ಅವನು ನನ್ನ ಒಳ್ಳೆಯದಕ್ಕೇ ಹೇಳಿದ. ನಾನು ಕೇಳಿದೆ ಕೂಡಾ. ಮೂರು ದಿನದ ಹಿಂದೆ ಅವಮಾನವೆಂದು ಹಲ್ಲು ಕಚ್ಚಿದ್ದ ಅದೇ ಕಣ್ಣಿನ ಮರೆಯಲ್ಲಿ ಈಗ ಹಾಯಾಗಿ ಕೂತೆ. ಗುರುವಾರ, ಶುಕ್ರವಾರ, ಶನಿವಾರ. ಈ ಮೂರು ದಿನಗಳ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ. ಹೊಟ್ಟೆಯಲ್ಲಿ ತಂತಿ ಇಟ್ಟುಕೊಂಡು ನಿಂತ ಪ್ರಾಣಿಗೆ ಒಂದೊಂದು ದಿನವೂ ಎಷ್ಟು ದೊಡ್ಡದೆಂದು ಗೊತ್ತಿದ್ದೂ ಸುಮ್ಮನಿದ್ದೆ.

ಭಾನುವಾರ ಬೇರೊಂದು ತೋಟಕ್ಕೆ ಹೋಗುವಾಗ ಹಮೂದರ ಗೋಡೆಯ ಆಚೆಗೆ ಮರ್ಜಾನ್ ಕಾಣಿಸಿತು. ಬದುಕಿತ್ತು. ಆದರೆ ಅದನ್ನು ವಿಚಿತ್ರವಾಗಿ ನಿಲ್ಲಿಸಿದ್ದರು. ಮುಂಗಾಲು ಎರಡನ್ನೂ ಮಣ್ಣು ತುಂಬಿ ಎತ್ತರಿಸಿದ ಹಲಗೆಯ ಮೇಲೆ ಇಟ್ಟು, ಹಿಂಗಾಲು ಕೆಳಗೆ, ತಲೆ ಮೇಲೆ. ಇದೂ ಯಾವುದೋ ಮಾಟ ತೆಗೆಯುವ ಕ್ರಮ ಎಂದುಕೊಂಡೆ. ಇವರು ಹೀಗೆ ಮಂತ್ರ ತಂತ್ರ ಮಾಡುತ್ತಾ ಕೂತರೆ ಅದು ಸಾಯುವುದು ಖಂಡಿತ, ಕಾರಣ ಬಲ್ಲವನು ನಾನೊಬ್ಬ. ಇನ್ನು ತಡೆಯಲಾಗಲಿಲ್ಲ. ಗೇಟು ತಟ್ಟಿದೆ.

ಹಮೂದ್ ಕೈಹಿಡಿದು ಕರೆದುಕೊಂಡು ಹೋದರು. ಚಾಪೆಯ ಮೇಲೆ ಕೂರಿಸಿದರು. ನಾನು ಬಾಯಿ ತೆರೆದರೆ ಕೈ ಅಡ್ಡ ಹಿಡಿದರು, ಮೊದಲು ಖರ್ಜೂರ. ಆಮೇಲೆ ಕಾಫಿ. ಉಮ್ ಹಮೂದ್ ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದರು.

"ಏನು ಸುದ್ದಿ?" ಹಮೂದ್ ಕೇಳಿದರು.

"ಎಲ್ಲ ಒಳ್ಳೆಯದು. ಸುದ್ದಿಯೇನಿಲ್ಲ" ಅಂದೆ. ಅಂದು, ಒಂದೇ ಉಸಿರಿಗೆ ತಂತಿಯ ವಿಷಯವನ್ನೆಲ್ಲ ಹೇಳಿದೆ. ಎಷ್ಟು ತುಂಡು, ಎಲ್ಲಿ ಇಟ್ಟಿದ್ದು, ಯಾವತ್ತು ನೆನಪಾದದ್ದು, ನೆನಪಾದ ಮೇಲೂ ಮೂರು ದಿನ ಬಾಯಿ ಮುಚ್ಚಿಕೊಂಡದ್ದು. ಕೂಡಲೇ ದನದ ಡಾಕ್ಟರನ್ನು ಕರೆಸಿ, ನಾನೇ ಹೋಗಿ ಕರೆತರುತ್ತೇನೆ, ಕಫೀಲನಿಗೆ ಏನು ಹೇಳಬೇಕೋ ಹೇಳಿ ಎಂದೆ.

ಹಮೂದ್ ತಾಯಿಯ ಕಡೆ ನೋಡಿದರು. ಮುದುಕಿ ಎದ್ದು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಅದರಲ್ಲಿ ನಾಲ್ಕು ತುಂಡು ತಂತಿ ಇತ್ತು. ನನ್ನ ಇಕ್ಕಳದ ಗುರುತು ಅದರ ತುದಿಯಲ್ಲಿ ಸ್ಪಷ್ಟವಾಗಿತ್ತು.

"ಪಂದ್ಯದ ದಿನ ಸಂಜೆಯೇ ತೊಟ್ಟಿಯಲ್ಲಿ ಸಿಕ್ಕಿತು," ಹಮೂದ್ ಹೇಳಿದರು. "ಮರುದಿನ ಶನಿವಾರ ಬೆಳಿಗ್ಗೆಯೇ ಸರಕಾರದ ಡಾಕ್ಟರ್ ಬಂದಿದ್ದ, ಸುಡಾನಿನವನು. ಹೋರಿಗೆ ಒಂದು ಅಯಸ್ಕಾಂತ ನುಂಗಿಸಿದ. ಒಳಗಿರುವ ತಂತಿ ಅದಕ್ಕೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದಂತೆ, ಮುಂದೆ ಚುಚ್ಚುವುದಿಲ್ಲ. ಮುಂಗಾಲು ಎತ್ತರದಲ್ಲಿ ಇರಲಿ ಅಂದ. ಸೂಜಿ ಕೊಟ್ಟ. ನಿನ್ನೆಯಿಂದ ಸ್ವಲ್ಪ ಸೊಪ್ಪು ತಿನ್ನುತ್ತಿದೆ."

ನಾನು ಮಾಟವೆಂದುಕೊಂಡದ್ದು ಡಾಕ್ಟರು ಹೇಳಿದ ಚಿಕಿತ್ಸೆಯಾಗಿತ್ತು. ಆದರೆ ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಆ ಶನಿವಾರವೇ ಎಲ್ಲ ಗೊತ್ತಿದ್ದವರು ಮರುದಿನ ಭಾನುವಾರ ನನ್ನ ಕಾಲು ಯಾಕೆ ತೊಳೆಸಿದರು?

ಕೇಳಿಯೇಬಿಟ್ಟೆ. ಹಮೂದ್ ಗಡ್ಡ ನೀವಿಕೊಂಡರು.

"ಶುಕ್ರವಾರ ಇಡೀ ಊರು ನೋಡಿದೆ, ಹೋರಿಗೆ ಏನೋ ಆಗಿದೆ ಎಂದು. ಏನಾಯಿತು, ಏನಾಯಿತು ಎಂದು ಎಲ್ಲರೂ ಕೇಳುತ್ತಿದ್ದರು. ಹಿಂದಿನ ದಿನ ಪಂಪಿನ ಹತ್ತಿರ ನೀನು ಕೆಲಸ ಮಾಡಿದ್ದನ್ನೂ ನೋಡಿದ್ದಾರೆ. ನಾನು ತಂತಿ ಎಂದರೆ ಸಂಜೆಯೊಳಗೆ ನಿನ್ನ ಕಫೀಲನಿಗೆ ಮುಟ್ಟುತ್ತದೆ. ಕಣ್ಣು ಎಂದರೆ ಮಾತು ಅಲ್ಲಿಗೆ ಮುಗಿಯಿತು. ಕಣ್ಣು ತಪ್ಪಲ್ಲ. ಇಷ್ಟಪಟ್ಟವರದ್ದೇ ತಾಗುವುದು. ನಾವು ಮೂವರೂ ತೊಳೆದೆವು, ಎಲ್ಲರೂ ನೋಡಿದರು, ಖಲಾಸ್. ಅದಕ್ಕೇ ಹಗಲಿನಲ್ಲಿ ಬಂದೆ, ಬೋಗುಣಿ ಮುಚ್ಚದೆ ತಂದೆ."

ಅಷ್ಟರಲ್ಲಿ ಮುದುಕಿ ಅರಬ್ಬಿಯಲ್ಲಿ ಏನೋ ಗೊಣಗಿದರು. ಹಮೂದ್ ನಕ್ಕು ತಿಳಿಸಿದರು.

"ಅಮ್ಮ ಹೇಳುತ್ತಾರೆ, ಕಣ್ಣು ಸುಳ್ಳು ಎಂದುಕೊಳ್ಳಬೇಡ. ತೊಟ್ಟಿ ಅಷ್ಟು ಉದ್ದ ಇರುವಾಗ ಮರ್ಜಾನ್ ಆ ತುದಿಯನ್ನೇ ಯಾಕೆ ನೆಕ್ಕಬೇಕಿತ್ತು? ತಂತಿ ನಿನ್ನದು, ಕಣ್ಣು ಬಹುಶಃ ಅಮ್ಮನದು. ಬೆಳಿಗ್ಗೆ ಮೇವು ಹಾಕುವಾಗ ಅವರೂ ಅದನ್ನು ಬಹಳ ಹೊತ್ತು ನೋಡಿದರಂತೆ."

ಧೂಪದ ಕುಡಿಕೆ ಬಂತು. ಏಳುವ ಹೊತ್ತಾಗಿತ್ತು. ನಾನು ಕೂತೇ ಇದ್ದೆ. ಒಂದೂವರೆ ವರ್ಷದಲ್ಲಿ ಕಲಿತ ಶಿಷ್ಟಾಚಾರವೆಲ್ಲ ಮರೆತು, ಮುಖಕ್ಕೆ ಕೈ ಮುಚ್ಚಿಕೊಂಡು ಅತ್ತೆ. ಉಮ್ ಹಮೂದ್ ಆ ಕುಡಿಕೆಯನ್ನು ತಮ್ಮ ಪಕ್ಕಕ್ಕೆ ಸರಿಸಿಟ್ಟುಕೊಂಡು, ಮಗನಿಗೆ ಮತ್ತೆ ಕಾಫಿ ಸುರಿಯಲು ಹೇಳಿದರು. ಧೂಪ ಬಂದ ಮೇಲೆ ಮತ್ತೆ ಕಾಫಿ ಕೊಟ್ಟದ್ದನ್ನು ನಾನು ಬೇರೆಲ್ಲೂ ನೋಡಲಿಲ್ಲ.

ಮರ್ಜಾನ್ ಆ ಚಳಿಗಾಲ ಪಂದ್ಯಕ್ಕೆ ಹೋಗಲಿಲ್ಲ, ಆದರೆ ಬದುಕಿತು. ಫೆಬ್ರವರಿಯ ಹೊತ್ತಿಗೆ ಮತ್ತೆ ಬೂತಾಯಿ ಜಗಿಯುತ್ತಿತ್ತು. ನನ್ನ ವೀಸಾ ಆಯಿತು. ಯಾವ ತೋಟದ ಗೇಟೂ ಮುಚ್ಚಲಿಲ್ಲ. ಬದಲಿಗೆ ಅಲ್ಲಿನವರು ನನ್ನನ್ನು ಚೇಷ್ಟೆ ಮಾಡುತ್ತಿದ್ದರು, ಸಂಜೂ, ನಮ್ಮ ಆಡನ್ನೂ ಸ್ವಲ್ಪ ಬೈದು ಹೋಗು ಎಂದು. ನಾನು ಮಾಶಾಅಲ್ಲಾ ಹೇಳುವುದನ್ನು ಕಲಿತೆ. ತಂತಿಯ ತುಂಡುಗಳನ್ನು ಕಿಸೆಗೆ ಹಾಕಿಕೊಳ್ಳುವುದನ್ನೂ ಕಲಿತೆ. ಆ ಅಭ್ಯಾಸ ಇವತ್ತಿಗೂ ಇದೆ, ಅಂಗಿಯ ಕಿಸೆಯೆಲ್ಲ ತೂತು ಎಂದು ಹೆಂಡತಿ ಬೈಯುತ್ತಾಳೆ. ಅಲ್ಲಿ ಇನ್ನೂ ಒಂಬತ್ತು ವರ್ಷವಿದ್ದೆ. ಹಮೂದ್ ತಂತಿಯ ಮಾತನ್ನು ಮತ್ತೊಮ್ಮೆ ಎತ್ತಲಿಲ್ಲ.

"ಎಂತ ಸಂಜೀವಣ್ಣ, ನಿದ್ದೆ ಬಂತಾ?" ಸರಸಕ್ಕ ಕೇಳಿದರು.

ಹೆಜಮಾಡಿಯ ಬಿಸಿಲು, ಒಣಗುತ್ತಿದ್ದ ಮೀನು, ಬಾಗಿಲಲ್ಲಿ ನಿಂತ ಆ ಹುಡುಗಿ. ಹಿಡಿಸೂಡಿಯ ಕಡ್ಡಿ ಇನ್ನೂ ನನ್ನ ಎಡಗೈಯಲ್ಲೇ ಇತ್ತು. ಅದನ್ನು ಮುರಿದು ಅಂಗಿಯ ಕಿಸೆಗೆ ಹಾಕಿಕೊಂಡೆ. ಅವಳು ಅದನ್ನು ನೋಡಿದಳು.

"ಕಣ್ಣೇ ಸರಸಕ್ಕ," ಅಂದೆ. "ಬೇರೆಂತ ಕಾಣುದಿಲ್ಲ."

"ನಾನು ಹೇಳ್ಲಿಲ್ವಾ? ಆ ಪಕ್ಕದ ಮನೆಯವಳು ಮೊನ್ನೆ..."

"ಹೊರಗಿನವರದ್ದಲ್ಲ. ಇಷ್ಟಪಟ್ಟವರದ್ದೇ ತಾಗುದು ಇದು. ನೀವೇ ಎಲ್ಲಿಯಾದ್ರೂ ಹೊಗಳಿದ್ರಾ ನೋಡಿ."

ಸರಸಕ್ಕ ಬಾಯಿಗೆ ಸೆರಗು ಹಿಡಿದರು.

"ಹೌದು ಮಾರಾಯ," ಅಂದರು, ದನಿ ಇಳಿಸಿ. "ಮೊನ್ನೆ ಮೊನ್ನೆ ನಾನೇ ಹೇಳಿದ್ದೆ. ಊರವರ ಬಾವಿ ಎಲ್ಲ ಬತ್ತಿದ್ರೂ ನಮ್ಮ ಪಂಪಿನಲ್ಲಿ ಎಷ್ಟು ಚಂದ ನೀರು ಬರ್ತದೆ ಅಂತ."

"ಮತ್ತೆ? ಇನ್ನು ಮೋಟರು ನಿಂತ್ರೆ ನಿಲ್ಲಲಿ ಬಿಡಿ, ನನಗೆ ಫೋನ್ ಮಾಡಿ" ಎಂದು ಸೊಸೆಗೆ ಕೇಳುವ ಹಾಗೆ ಹೇಳಿ ಮೋಟರನ್ನು ಎತ್ತಿ ರಿಕ್ಷಾದಲ್ಲಿಟ್ಟೆ. ಹೊರಡುವ ಮೊದಲು ಆ ಹುಡುಗಿ ಒಂದು ಲೋಟ ಚಹಾ ತಂದಳು. ನಾನು ಕುಡಿದು ಮುಗಿಸಿದ ಕೂಡಲೇ, ಕೇಳದೆಯೇ, ಇನ್ನೊಂದು ಲೋಟ ತಂದುಕೊಟ್ಟಳು.